ನಡುವಿನ ಖಾಲಿ ಡಬ್ಬಿ

ಮದ್ದಿನ ಗಾಡಿ ಹೊರಡುವಾಗ
ಎಂಜಿನ್ನಿಗೂ ಮದ್ದಿಗೂ ನಡುವೆ
ಒಂದು ಖಾಲಿ ಡಬ್ಬಿ ಕಟ್ಟುತ್ತಾರೆ,
ಕಿಡಿ ಹಾರಿದರೆ ಮೊದಲು ಅಲ್ಲಿ ಬೀಳಲಿ ಅಂತ.
ಎಂಜಿನ್ನಿಗಿಂತಲೂ ಮುಂದೆ ನಾನು,
ನಾಯಕ್ ಯಮನಪ್ಪ ಹಡಪದ,
ಕೈಯಲ್ಲಿ ಉದ್ದ ಹಿಡಿಯ ಸುತ್ತಿಗೆ.
ದೇಹೂ ರೋಡ್ ಡಿಪೊದ ಸೈಡಿಂಗಿನಲ್ಲಿ
ಎಮ್ಮೆಯ ಹಗ್ಗ ಹಿಡಿದವನ ಹಾಗೆ
ಇಡೀ ಗಾಡಿಯನ್ನು ಹಿಂದೆ ಕರಕೊಂಡು
ನಿಧಾನ, ನಿಧಾನ.

ಜೋಡಿಗೊಂದು ಏಟು.
ಬಿಗಿ ಇದ್ದರೆ ಟಣ್ ಅನ್ನುತ್ತದೆ.
ಬೋಲ್ಟು ಸಡಿಲಿದ್ದರೆ
ಹುಳುಕು ಹಲ್ಲಿಗೆ ನಾಲಿಗೆ ತಾಗಿದ ಹಾಗೆ
ಅರ್ಧ ಅಂದು ಬಾಯಿ ಮುಚ್ಚಿಕೊಳ್ಳುತ್ತದೆ.
ಏಪ್ರಿಲ್‌ನಲ್ಲಿ ಕಂಬಿ ಮೈ ಚಾಚುತ್ತದೆ,
ಪೌಷದ ಚಳಿಗೆ ಮುದುಡುತ್ತದೆ.
ಇಪ್ಪತ್ತೆರಡು ವರ್ಷ ಇದನ್ನೇ ಕೇಳಿದೆ.

ಪುನರ್ವಸತಿ ತರಬೇತಿಯಲ್ಲಿ
ಸಾಯಲಿ ಮೇಡಂ ಕಂಪ್ಯೂಟರ್ ನೋಡುತ್ತ ಕೇಳಿದರು:
"ಸಾಧನೆ ಅಂತ ಏನು ಬರೆಯೋಣ?"
"ಏನೂ ಆಗಲಿಲ್ಲ ಮೇಡಂ."
ಪಾಪ, ಬೇಜಾರಿನ ಮಾತು ಅಂದುಕೊಂಡು
ನೀರಿನ ಲೋಟ ನನ್ನ ಕಡೆ ಸರಿಸಿದರು.
ನಾನು ಹೇಳಿದ್ದು ಲೆಕ್ಕ:
ಇಷ್ಟು ಗಾಡಿ, ಇಷ್ಟು ಟನ್, ಏನೂ ಆಗಲಿಲ್ಲ.
ಕೊನೆಗೆ "ತಂಡದ ನಾಯಕತ್ವ" ಎಂದು ಬರೆದರು.
ತಂಡದಲ್ಲಿ ನಾನೂ ಸುತ್ತಿಗೆಯೂ.

ಪಿಂಪ್ರಿಯ ಮಾಲ್‌ನವರು ಕೂಡಲೇ ಕರೆದರು,
ಮಾಜಿ ಸೈನಿಕ ಅಂದರೆ ಎಲ್ಲ ಕಡೆ
ಗೇಟಿನ ಪಕ್ಕ ಒಂದು ಕುರ್ಚಿ ಕಾದಿರುತ್ತದೆ.
ಒಲ್ಲೆ ಅಂದೆ.
ಮೆಟ್ರೋದಲ್ಲಿ ಹುಡುಗನೊಬ್ಬ ನನ್ನ ಸರ್ಟಿಫಿಕೇಟನ್ನು
ಹಿಂದೆ ಮುಂದೆ ತಿರುಗಿಸಿ,
"ಇದು ಯಾವುದಕ್ಕೆ ಸಮ?" ಅಂದ.
ಅಲ್ಲಿ ಕಂಬಿಗೆಲ್ಲ ಬೆಸುಗೆ,
ಕೇಳುವ ಕೆಲಸ ಯಂತ್ರದ್ದು.

ಏಳು ತಿಂಗಳು ದಾಪೋಡಿಯ ಮನೆಯಲ್ಲಿ ಕೂತೆ.
ಕಸ್ತೂರೆವ್ವ ಖಾನಾವಳಿಗೆ ರೊಟ್ಟಿ ಬಡಿಯುತ್ತಾಳೆ,
ದಿನಕ್ಕೆ ನೂರೈವತ್ತು.
ಹೊರಗಿನ ಕಟ್ಟೆಯಿಂದಲೇ ಅಂದೆ:
"ಈಗಿಂದು ದಪ್ಪಾತು ನೋಡು."
ಬಡಿತ ನಿಂತಿತು.
"ಮದ್ಲ ನೌಕ್ರಿ ಹುಡುಕ್ರಿ."
ಆಮೇಲೆ ಆ ರೊಟ್ಟಿಯನ್ನು ನನಗೇ ಹಾಕಿದಳು.
ದಪ್ಪವೇ ಇತ್ತು.
ಆ ದಿನಗಳಲ್ಲಿ ಖಾಲಿ ಡಬ್ಬಿ ನೆನಪಾಗುತ್ತಿತ್ತು.
ಅದಕ್ಕೂ ಚಕ್ರಕ್ಕೆ ಎಣ್ಣೆ ಬೇಕು, ಬ್ರೇಕಿನ ತಪಾಸಣೆ ಬೇಕು,
ಮಾಲು ಮಾತ್ರ ಇಲ್ಲ.

ಈಗ ಪಾಲಿಕೆಯ ತೋಟದಲ್ಲಿ ಮಕ್ಕಳ ರೈಲು.
ಗುತ್ತಿಗೆ ಕುದಳೆ ಸೇಠರದು, ಸಂಬಳ ಹನ್ನೊಂದು ಸಾವಿರ,
ಮಂಗಳವಾರ ರಜೆ.
ಎರಡಡಿ ಅಗಲದ ಹಳಿ, ಆನೆಮೂತಿಯ ಎಂಜಿನ್,
ಕಾರಂಜಿ ಸುತ್ತಿ ಬಂದರೆ ನಾನೂರು ಮೀಟರ್ ಸಹ ಇಲ್ಲ.
ಮೊದಲ ದಿನ ರೂಢಿಯ ಮೇಲೆ ಕೇಳಿದೆ, "ಏನು ಮಾಲು?"
ಸೇಠರು ನಕ್ಕರು, "ಪೋರಂ! ದುಸರಂ ಕಾಯ್?"
ಐದೈದು ವರ್ಷದ ಪೋರರು, ಒಬ್ಬರ ಮೇಲೊಬ್ಬರು,
ಕೂಗಿದರೆ ಕಿವಿ ತೂತು.
ಡಿಪೊದಲ್ಲಿ ಎಂದೂ ನಡುಗದ ಮೊಣಕಾಲು ನಡುಗಿತು.
ಎಂಜಿನ್ನಿನ ಹಿಂದೆ ಒಂದು ಡಬ್ಬಿ ಖಾಲಿ ಬಿಡೋಣ ಅಂದೆ.
"ಅದು ಆರು ಟಿಕೇಟು, ಹಡಪದ."

ಈ ಭಾನುವಾರ, ಜಾರುಬಂಡಿಯ ಹತ್ತಿರದ ತಿರುವು,
ಒಂದು ಜೋಡಿ ಅರ್ಧ ಅಂದು ಬಾಯಿ ಮುಚ್ಚಿತು.
ಕೆಂಪು ಬಟ್ಟೆ ಎತ್ತಿದೆ.
ನಲವತ್ತು ಮಕ್ಕಳು, ಅವರ ಐಸ್‌ಕ್ರೀಮು, ಅವರ ತಾಯಂದಿರು,
ಎಲ್ಲರೂ ನನ್ನನ್ನೇ ನೋಡುತ್ತಿದ್ದರು.
ಸೇಠರು ಕೈಗಡಿಯಾರ ನೋಡುತ್ತಿದ್ದರು.
ಸ್ಪ್ಯಾನರಿಗೆ ಒಂದೂವರೆ ಸುತ್ತು ಬೇಕಾಯಿತು.
ಮತ್ತೆ ಬಡಿದೆ: ಟಣ್.
ನೆಲಕ್ಕೆ ಬಾಗಿ ಕಂಬಿಗೆ ಕಿವಿ ಕೊಟ್ಟೆ.
ಗಾಡಿಯಿಂದ ಇಳಿದ ಒಂದು ಹುಡುಗಿ,
ಎರಡು ಜಡೆ, ಒಂದೇ ಚಪ್ಪಲಿ,
ಎದುರಿಗೆ ಹಾಗೆಯೇ ಮಲಗಿ ಕಿವಿ ಇಟ್ಟಳು.
"ಏನು ಕೇಳ್ತದೆ ಅಜೋಬಾ?"
"ಏನೂ ಇಲ್ಲ."
ಹುಬ್ಬು ಗಂಟಿಕ್ಕಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ನನಗೆ ಕೇಳ್ತಿದೆ," ಅಂದಳು.

ನಾನು ಎದ್ದಿದ್ದವನು
ಮತ್ತೆ ಬಾಗಿದೆ.