೧೪೬೨ ಕೂಡಿಸಿದ್ದು

ಗ್ಯುಮ್ರಿ ಊರಾಚೆಯ ಸ್ಮಶಾನದ ಕಚೇರಿಯಲ್ಲಿ
ಒಂದೇ ಹೀಟರು, ಅದೂ ಅರ್ಶಲೂಯ್ಸ್ ಅವರ ಕಾಲಬುಡದಲ್ಲಿ.
ನನ್ನ ಪಾಲಿಗೆ ಕಿಟಕಿ, ಹಿಮ, ಎಕ್ಸೆಲ್ಲಿನ ಹಾಳೆ.
ಹೆಸರು, ತಂದೆಯ ಹೆಸರು, ಗೋರಿಯ ಸಂಖ್ಯೆ,
ಕೊನೆಯ ಕಾಲಮ್ಮಿನಲ್ಲಿ ತಾರೀಕಿನ ಬದಲು
ಬರೀ ಅಂಕಿ:
೩೨೪೮೪.

ಎಕ್ಸೆಲ್ಲಿಗೆ ದಿನ ಅಂದರೆ ಎಣಿಕೆ, ಅಷ್ಟೆ.
ಸಾವಿರದ ಒಂಬೈನೂರರ ಜನವರಿ ಒಂದರಿಂದ
ಬೆರಳು ಮಡಚುತ್ತ ಬಂದಿದೆ, ಹಾದಿಯಲ್ಲೊಮ್ಮೆ ಎಡವಿದೆ.
ಆ ವರ್ಷ ಫೆಬ್ರವರಿಗೆ ಇಪ್ಪತ್ತೊಂಬತ್ತು ಇರಲಿಲ್ಲ,
ಇದರ ಪುಸ್ತಕದಲ್ಲಿ ಇದೆ.
ಯಾರೂ ಹುಟ್ಟದ, ಯಾರೂ ಸಾಯದ ದಿನ,
ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಅದಕ್ಕೇ ನಾನು ಬುಡವನ್ನು ಎರಡು ದಿನ ಹಿಂದೆ ಸರಿಸಿ
೧೮೯೯ರ ಡಿಸೆಂಬರ್ ಮೂವತ್ತರಲ್ಲಿ ಗೂಟ ಹೊಡೆದು
ಅಲ್ಲಿಂದ ಹಗ್ಗ ಹಿಡಿದು ಅಳೆಯುತ್ತೇನೆ.

ಮೊದಲ ಸಲ ಓಡಿಸಿದಾಗ
ತಾರೀಕು ತಿಳಿಯದೆ ಖಾಲಿ ಬಿಟ್ಟವರೆಲ್ಲ ಸೊನ್ನೆಯಾಗಿ
ಆ ಗೂಟದ ಬುಡದಲ್ಲೇ ಸತ್ತು ಬಿದ್ದಿದ್ದರು,
ಕಲ್ಲಿನ ಮೇಲೆ ಜೀನ್ಸ್ ತೊಟ್ಟು ನಿಂತ ಹುಡುಗನೂ ಸೇರಿ.
ಅರ್ಶಲೂಯ್ಸ್ ಕನ್ನಡಕ ಏರಿಸಿ ನೋಡಿದರು.
"ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬಿಡು ಮಗಳೇ,
ಸೊನ್ನೆ ಅನ್ನಬೇಡ."

ಪಕ್ಕದ ಮೇಜಿನ ವ್ರೆಜ್‌ಗೆ ಇಪ್ಪತ್ತೆರಡು.
"ಯಾರೋ ಮೌಸ್ ಹಿಡಿದು ಕೆಳತನಕ ಎಳೆದುಬಿಟ್ಟಿದ್ದಾರೆ,
ನೋಡಿ, ಒಂದೇ ಅಂಕಿ, ಸಾವಿರಾರು ಸಾಲು. ಅಳಿಸಲಾ?"
"ಯಾರೂ ಎಳೆದಿಲ್ಲ. ಬಿಡಿಸಿ ನೋಡು," ಅಂದರು ಆಕೆ.
ಬಿಡಿಸಿದ. ೧೯೮೮, ಡಿಸೆಂಬರ್ ಏಳು.
ಮೌಸಿನಿಂದ ಕೈ ತೆಗೆದು
ತೊಡೆಯ ಮೇಲಿಟ್ಟುಕೊಂಡ.

ಕೆಲವು ಅಂಕಿಗೆ ಬಾಲವೂ ಇತ್ತು: .೪೮೬೮.
ದಿನದ ಅಷ್ಟು ಪಾಲು ಕಳೆದಾಗ
ಹನ್ನೊಂದು ಗಂಟೆ ನಲವತ್ತೊಂದು ನಿಮಿಷ.
ತಾರೀಕಿನ ಕಾಲಮ್ಮು ಬಾಲ ಕತ್ತರಿಸುತ್ತದೆ.
ಕತ್ತರಿಸಲಿ, ಅದನ್ನು ಈ ಊರಿಗೆ
ಯಾರೂ ನೆನಪಿಸಬೇಕಿಲ್ಲ.

ಇನ್ನೊಂದು ಹಾಳೆ, ಮಾರ್ಸೇಯಿಂದ ಬಂದ ವೈದ್ಯರು
ಡೇರೆಯಲ್ಲಿ ಕೂತು ಪುಟ್ಟ ಮ್ಯಾಕಿನಲ್ಲಿ ಬರೆದದ್ದು.
ಆ ಮ್ಯಾಕು ಎಣಿಸಲು ಶುರುಮಾಡುವುದೇ ೧೯೦೪ರಿಂದ,
ನನಗೆ ಆಗ ಹೊಳೆಯಲಿಲ್ಲ.
ಅಲ್ಲೂ ಒಂದೇ ಅಂಕಿ, ೩೧೦೨೨, ಇನ್ನೂರ ಹನ್ನೊಂದು ಸಾಲು.
ನೂರ ಮೂವತ್ತನೆಯದು:
ಸಿರಾನುಶ್, ಬಟ್ಟೆ ಗಿರಣಿ, ವಯಸ್ಸು ಇಪ್ಪತ್ತಾರು.
ಡೇಟಾಬೇಸು ಯಾವ ಅಳುಕೂ ಇಲ್ಲದೆ ಬರೆದಿತ್ತು,
೧೯೮೪, ಡಿಸೆಂಬರ್ ಆರು.

ನಾನು ಹುಟ್ಟಿದ್ದು ಎಂಬತ್ತಾರರ ಮಾರ್ಚಿನಲ್ಲಿ.

ಸುಮ್ಮನೆ ಕೂತೆ. ಈ ಲೆಕ್ಕದಲ್ಲಿ
ಗಿರಣಿಯ ಛಾವಣಿ ಅಮ್ಮನ ಮೇಲೆ ಬೀಳುವುದಿಲ್ಲ.
ಜ್ವರವೋ ಏನೋ, ಹಾಸಿಗೆಯಲ್ಲಿ, ಯಾರದೋ ಕೈ ಹಿಡಿದುಕೊಂಡು.
ನಾನೂ ಇಲ್ಲ.
ತಗಡಿನ ವ್ಯಾಗನ್ನಿನಲ್ಲಿ ಹದಿನೆಂಟು ಚಳಿಗಾಲ ಇಲ್ಲ,
ಬೆಳಿಗ್ಗೆದ್ದು ಒಳಗೋಡೆಯ ಹಿಮವನ್ನು
ಚಮಚದಲ್ಲಿ ಕೆರೆಯುತ್ತಿದ್ದ ಅಜ್ಜಿ
ನನ್ನನ್ನು ಎಬ್ಬಿಸುವುದೂ ಇಲ್ಲ.
ಹೀಗೇ ಬಿಟ್ಟರೆ ಯಾರ ಗಂಟು ಹೋಗುತ್ತದೆ?

ಆಮೇಲೆ ಬರೆದೆ: ಈ ಹಾಳೆಗೆ ಮಾತ್ರ
೧೪೬೨ ಕೂಡಿಸು.
ನಾಲ್ಕು ವರ್ಷ, ಒಂದು ದಿನ.
ವರ್ಷಗಳಲ್ಲಿ ಏನಿತ್ತೆಂದು ಅಜ್ಜಿ ಹೇಳಿದ್ದಾಳೆ:
ಮದುವೆಗೆ ಸಾಲ ತಂದ ಹಸಿರು ಕೋಟು,
ನಾನು ನುಂಗಿದ ಅದರ ಗುಂಡಿ,
ಎರಡು ದಿನ ಕಾದು, ತೊಳೆದು, ಹೊಲಿದು ಹಿಂದಿರುಗಿಸಿದ್ದು.
ಆ ಒಂದು ದಿನದಲ್ಲಿ ಏನಿತ್ತೋ
ಕೇಳೋಣವೆಂದರೆ ಅಜ್ಜಿಯೂ ಈಗ
ಮೊದಲ ಹಾಳೆಯ ಕೊನೆಯಲ್ಲಿ ಒಂದು ಸಾಲು.

ಅರ್ಶಲೂಯ್ಸ್ ಏನೂ ಕೇಳದೆ
ಹೀಟರನ್ನು ಪಾದದಿಂದ ನನ್ನ ಕಡೆ ನೂಕಿದರು.
ಎಂಟರ್ ಒತ್ತಿದೆ.
ಇನ್ನೂರ ಹನ್ನೊಂದು ಸಾಲು ತಿದ್ದಲಾಗಿದೆ, ಅಂದಿತು ಪರದೆ.
ವ್ರೆಜ್ ಮುಂದಿನ ಹಾಳೆ ತೆರೆದ.