ಎಂಟನೇ ದಿನದ ನೀರು

ಹ್ಯಾಟಿ ಕಾವಿಗೆ ಕುಂತಿತ್ತು, ಆರು ತತ್ತಿ ಅದರವು.
ಜೈತುನಬಿ ಗ್ವಾಡಿ ಮ್ಯಾಲಿಂದ ಇನ್ನೂ ನಾಕು ಕೊಟ್ಟಳು,
ಕೈಗೆ ಭಾರ, ಬಣ್ಣ ತುಸು ಹಸರು.
"ಇಡ ವೈನಿ, ಕೋಳಿಗೇನು ಎಣಸಾಕ ಬರತೈತಿ?"

ಬರತೈತಿ.
ಇಪ್ಪತ್ತೊಂದನೇ ದಿನ ತನ್ನವು ಚಿಂವ್ ಅಂದ ಕೂಡಲೆ
ಎದ್ದು ಪುಕ್ಕ ಝಾಡಿಸಿ ಹೊಂಟಬಿಟ್ಟಿತು,
ಹಿಂದ ಆರು ಹತ್ತಿ ಉಂಡಿ.
ಬಾತಿನವಕ್ಕ ಇನ್ನೂ ಒಂದ ವಾರ ಬೇಕಂತ
ನನಗರೆ ಯಾರು ಹೇಳಿದ್ದರು?

ರಟ್ಟಿನ ಡಬ್ಬಿ, ಅರವತ್ತರ ಬಲ್ಬು, ಕಟಗಿ ಅಡ್ಡಾದ ಹೊಟ್ಟು.
ಹೊತ್ತಿಗೊಮ್ಮೆ ಹೊರಳಸೂದು, ಬೆರಳು ತೊಯ್ಸಿ ನೀರು ಚಿಮಕಸೂದು.
ಕರೆಂಟ್ ಹೋದ ರಾತ್ರಿ ನಾಕೂ ಉಡಿಯಾಗ ಕಟಗೊಂಡು ಕುಂತೆ.
ಚುರಮರಿ ಭಟ್ಟಿಯಿಂದ ಬಂದ ಫಕ್ಕೀರಪ್ಪ
ಬಾಗಲದಾಗ ನಿಂತು ನಕ್ಕ:
"ನಾಳೆ ಮೊಸಳಿ ತತ್ತಿ ತರಲೇನ?"

ಒಂದು ಒಡೀಲಿಲ್ಲ. ಮೂರು ಒಡದವು.
ಒಡದು, ಕಣ್ಣು ಬಿಟ್ಟು, ಮೊದಲ ನೋಡಿದ್ದು ನನ್ನ.

ಕೋಳಿಮರಿ ಸಾಕೂದಂದ್ರ ಸಾಕೂದ ಅಲ್ಲ.
ತಾಯಿ ಐತಿ, ಕೆದರತೈತಿ, ಕಲಸತೈತಿ.
ಹದ್ದಿನ ನೆರಳು ಅಂಗಳ ದಾಟಿದ್ರ
ಗಂಟಲದಾಗ ಒಂದ ಮಾತು, ಆರೂ ರೆಕ್ಕಿ ಕೆಳಗ ಮಾಯ.
ನೀರಂದ್ರ ಅವಕ್ಕ ಬಾಟಲಿ ಮುಚ್ಚಳದಷ್ಟು,
ಒಂದ ಗುಟುಕು, ಒಮ್ಮೆ ಮುಗಲಿಗೆ ಮಾರಿ,
ಲೆಕ್ಕ ಒಪ್ಪಿಸಿದಂಗ.

ಇವು?
ನುಚ್ಚು ತಿಂದ ಬಾಯಿ ತೊಳೀಬೇಕು,
ತೊಳದ ನೀರಾಗ ತಲಿ ಅದ್ದಬೇಕು,
ಅದ್ದಿದ ತಲಿ ಹೊಟ್ಟಿನ ಮ್ಯಾಲ ಝಾಡಿಸಬೇಕು.
ಮೂರ ದಿನಕ್ಕ ಡಬ್ಬಿ ರಟ್ಟು ಅಂಬಲಿ.
ವಾಸನಿಗೆ ಅತ್ತಿ ಹೊರಸು ಪಡಸಾಲಿಗೆ ಹೋತು.
ಮತ್ತ ನಾ ಹೋದಲ್ಲೆಲ್ಲ ಹಿಂದ, ಸಾಲ ಹಿಡದು,
ಬಚ್ಚಲಕ್ಕ, ಕಟ್ಟಿಗೆ, ಕಿರಾಣಿ ಅಂಗಡಿ ಮಟ,
ಪಟಪಟ ಪಟಪಟ, ಹಸಿ ಕಾಲಿನ ಸಪ್ಪಳ.

ಹಳೇ ಹುಬ್ಬಳ್ಳಿ ಇದು. ಎಂಟ ದಿನಕ್ಕೊಮ್ಮೆ ನಳಾ.
ನವಲಗುಂದದ ಕಡೀ ಹುಡುಗಿ ನಾನು,
ಒಂದ ತಂಬಗಿಯಾಗ ಮಾರಿ ತೊಳದು, ಅದರಾಗ ಕಾಲೂ ತೊಳದು,
ಉಳದದ್ದು ಕರಿಬೇವಿಗೆ ಹಾಕಾಕಿ.
ನನ್ನ ಉಡಿಯಾಗ ಹುಟ್ಟಬೇಕಿತ್ತೇನು ಇವು?
ಕೊಡ ಎಣಿಸಿದೆ. ಬೈದೆ.
ಪರಾತ ತುಂಬಿಸಿದೆ.

ತೇಲಿದವು, ಮುಣಗಿದವು, ಹುಚ್ಚೆದ್ದು ಸುತ್ತಿದವು,
ಆಮ್ಯಾಲ ತೊಯ್ದ ಬತ್ತಿ ಹಂಗ ನಡಗಾಕ ಹತ್ತಿದವು.
ತಾಯಿ ಮೈ ಎಣ್ಣಿ ಮರಿ ಪುಕ್ಕಕ್ಕ ಹತ್ತಬೇಕಂತ,
ಇಲ್ಲಂದ್ರ ಬಾತಿಗೂ ನೀರು ಥಂಡಿಯಂತ,
ಜೈತುನಬಿ ಈಗ ಹೇಳಿದಳು.
ನನ್ನ ಮೈಯಾಗ ಎಲ್ಲೀ ಎಣ್ಣಿ?
ಹಳೇ ಇಳಕಲ್ ಸೀರಿ ಸೆರಗಿಲೆ ಒಂದೊಂದ ಒರಸಿದೆ.
ಹ್ಯಾಟಿ ಕಟ್ಟಿ ಮ್ಯಾಲಿಂದ ಓರೆಗಣ್ಣಿಲೆ ನೋಡತಿತ್ತು.
ಬಿಟ್ಟೆದ್ದದ್ದು ಯಾವವು ಅಂತ ಅದಕ್ಕ ನೆನಪೈತೋ ಇಲ್ಲೋ.

ಶ್ರಾವಣದ ಹೊತ್ತಿಗೆ ಆರರಾಗ ಒಂದು ಹುಂಜಾಗಿ ಕೂಗಾಕ ಕಲೀತು.
ದಿನಾ ನಸಕಿನ್ಯಾಗ ಕೂಗತೈತಿ,
ಓಣ್ಯಾಗ ಒಬ್ಬರೂ ಮಗ್ಗಲ ಬದಲಸೂದಿಲ್ಲ.
ಸೂರ್ಯ ದಿನಾ ಬರತಾನ, ಅದಕ್ಕೇನು.

ಎಂಟನೇ ರಾತ್ರಿ ಮಾತ್ರ,
ಎರಡಕ್ಕೋ ಮೂರಕ್ಕೋ, ವಾಲ್ವ್ ತಿರುವಾವ ಮೂಲಿ ದಾಟಿರತಾನ,
ನಳದ ಬಾಯಾಗ ಇನ್ನೂ ಬರೇ ಗಾಳಿ,
ಮನಷ್ಯಾರ ಕಿವಿಗೆ ಹತ್ತದಷ್ಟು.
ಎದ್ದಬಿಡತಾವ ಮೂರೂ,
ಎರಡು ಹೆಣ್ಣಿನ ಗದ್ದಲ, ಗಂಡಿನದು ನೆಗಡಿ ದನಿ.
ಜೈತುನಬಿ ಮನಿ ಲೈಟು ಹತ್ತತೈತಿ,
ಆಮ್ಯಾಲ ಮ್ಯಾಗೇರಿಯವರದು, ಆಮ್ಯಾಲ ಕೊನೀ ಮನೀದು.
ಕೊಡದ ಸಪ್ಪಳ, ಪೈಪಿನ ಜಗಳ,
"ಬಾತು ಕೂಗ್ಯಾವ, ಏಳ್ರಿ!" ಅಂತ ಯಾರೋ ಕತ್ತಲದಾಗ.

ಮೊದಲ ಪರಾತ ಅವಕ್ಕ.
ಅತ್ತಿ ಹೊರಸಿನ ಮ್ಯಾಲ ಎದ್ದು ಕುಂತು
ನಾ ತುಂಬಸೂದು ನೋಡತಾಳ, ಸುಮ್ಮನಿರತಾಳ.