ಎಪ್ಪತ್ತೊಂದನೆಯ ರಾತ್ರಿ

(ದಾವಣಗೆರೆಯ ಮಾರ್ಕರ್ ಅಂಜಿನಪ್ಪ ಹೇಳಿದ್ದು)

ರಾಜ್ಯ ಒಂದಾದ ಮರುವರ್ಷ, ಚಳಿ ಹಿಂಜರಿಯುವ ಹೊತ್ತು.
ಮಿಲ್ಲಿನ ಎರಡನೇ ಪಾಳಿಯ ಸೈರನ್ನು ಕೂಗಿದ ಮೇಲೆ
ಹರಿಹರದ ಕಡೆಯಿಂದ ಒಂದು ಲಾರಿ ಬಂತು.
ಹತ್ತಿ ಅಲ್ಲ, ಹಿಂಡಿ ಅಲ್ಲ,
ಸುರುಳಿ ಸುತ್ತಿದ ಒಂದು ಅಂಗಳ.
ನಂಬಿದರೆ ನಂಬಿ: ಹಸಿರು ಕ್ಯಾನ್ವಾಸು, ಬಿಳಿ ಗೆರೆ ಸಮೇತ.

ಲಾರಿಯ ಹಿಂದೆ ಕಾರು, ಕಾರಿನಲ್ಲಿ ಇಬ್ಬರು:
ಲೋಕಕ್ಕೇ ಮೊದಲನೆಯವನು, ಲೋಕಕ್ಕೇ ಎರಡನೆಯವನು.
ಒಬ್ಬನ ಹೆಗಲ ಮೇಲೆ ಇನ್ನೊಬ್ಬನ ತಲೆ, ಬಾಯಿ ತೆರೆದ ನಿದ್ದೆ.
ಹಗಲೆಲ್ಲ ಹೀಗೆ ಒರಗಿಕೊಂಡು
ರಾತ್ರಿ ಬಡಿದಾಡುವುದು ಅವರ ಕಸುಬು.

ಸೆಕ್ರೆಟರಿ ರಾಯರು ಹೇಳಿದರು,
"ದೊಡ್ಡ ಕಪ್ಪು ಗೆದ್ದವರು ಕಣೋ ಇವರು.
ಆಮೇಲೆ ದುಡ್ಡಿಗೆ ಆಡ್ತೀವಿ ಅಂತ ಸಹಿ ಹಾಕಿದರು.
ಅವತ್ತಿಂದ ಆ ಹುಲ್ಲಿನ ಮೇಲೆ ಕಾಲಿಡೋ ಹಾಗಿಲ್ಲ."
ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.
ತಿಂಗಳಿಗೆ ಇಪ್ಪತ್ತೆರಡು ರೂಪಾಯಿ ನನಗೆ.
ಬೆಳಗ್ಗೆ ನೀರು, ರೋಲರು, ಸುಣ್ಣದ ಗೆರೆ.
ಸಂಜೆ ವಕೀಲರ, ದಲಾಲಿ ಸಾಹುಕಾರರ ಎದುರು ನಿಂತು
ಅವರ ಕೈಗೆ ಸಿಗುವ ಹಾಗೆ ಚೆಂಡು ಕಳಿಸುವುದು.
ಕ್ಲಬ್ಬಿನ ಪಂದ್ಯದ ಪಟ್ಟಿಯಲ್ಲಿ ಮಾತ್ರ ಹೆಸರಿಲ್ಲ.
ಸಂಬಳದವನು.

ಹತ್ತಿ ಗೋದಾಮಿನ ಮುಂದೆ ಹಾಸಿ, ಮೂಲೆಗೆ ಗೂಟ ಬಡಿದೆವು.
ನಡುಗೆರೆಯ ಪಕ್ಕ ಒಂದು ಮೊಳ ಹರಿದಿತ್ತು.
ಅವರ ಮ್ಯಾನೇಜರು ತಲೆ ಮೇಲೆ ಕೈ ಹೊತ್ತ.
ನಾನು ಓಡಿಹೋಗಿ ಅಪ್ಪನನ್ನು ಕರೆತಂದೆ,
ಹತ್ತಿ ಅಂಡಿಗೆ ಹೊಲಿಯುತ್ತಿದ್ದವನು
ದಬ್ಬಣ ರುಮಾಲಿಗೆ ಸಿಕ್ಕಿಸಿಕೊಂಡೇ ಬಂದ,
ನೂಲಿಗೆ ಮೇಣ ತೀಡಿದ, ಮೊಣಕಾಲೂರಿದ.
ಎರಡನೆಯವನು, ಕೆಂಗೂದಲಿನ ಉದ್ದನೆಯ ಆಸಾಮಿ,
ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದ.
ಅವನ ಬೆರಳಿಗೆಲ್ಲ ಪಟ್ಟಿ. ಅಪ್ಪನ ಬೆರಳಿಗೂ.

ಬಲ್ಬು ಹತ್ತಿದವು. ಬೆಳಕಿನಲ್ಲಿ ಹತ್ತಿಯ ಎಳೆ ತೇಲುತ್ತಿತ್ತು.
ಮೆಂಬರುಗಳು ಕುರ್ಚಿಯಲ್ಲಿ, ನಮ್ಮವರು ಅಂಡಿಗೆಗಳ ಮೇಲೆ
ಮಂಡಕ್ಕಿ ಪೊಟ್ಟಣ ಹಿಡಿದು.
ಇದು ಎಪ್ಪತ್ತೊಂದನೆಯ ರಾತ್ರಿ, ಎಪ್ಪತ್ತೊಂದನೆಯ ಊರು.
ಮೊದಲನೆಯವನು ನಲವತ್ತಾರು ಗೆದ್ದಿದ್ದ, ಇವನು ಇಪ್ಪತ್ನಾಲ್ಕು.
ನಾಳೆಯೂ ಅವನೇ ಎದುರು, ನಾಡಿದ್ದೂ ಅವನೇ.
ಚೆಂಡಿನ ಸದ್ದೋ, ಬಟ್ಟೆಯನ್ನು ಕಲ್ಲಿಗೆ ಒಗೆದಂತೆ.
ಎರಡನೆಯವನಿಗೆ ಜ್ವರ. ಗೆರೆಯ ಆಚೆ ಹೋಗಿ ಕೆಮ್ಮುತ್ತಿದ್ದ,
ತಿರುಗಿ ಬಂದು ಗೆಲ್ಲಲೇಬೇಕಾದವನಂತೆ ಓಡುತ್ತಿದ್ದ.
ಯಾರು ನೋಡುತ್ತಿದ್ದರು? ನಾವು. ಇನ್ಯಾರು.

ಅಪ್ಪ ಆಟ ನೋಡಲಿಲ್ಲ. ರಾತ್ರಿಯಿಡೀ ಹೊಲಿಗೆ ನೋಡಿದ.
ಮೂರನೇ ಸೆಟ್ಟಿನಲ್ಲಿ ಚೆಂಡು ಅದರ ಮೇಲೇ ಬಿತ್ತು,
ಎಷ್ಟು ಏಳಬೇಕೋ ಅಷ್ಟೇ ಎದ್ದಿತು.
"ಹೂಂ" ಅಂದು ಬೀಡಿ ಹಚ್ಚಿದ.

ಸೋತವನು ಯಾರೆಂದು ಹೇಳಬೇಕಿಲ್ಲ, ನಲವತ್ತೇಳು ಇಪ್ಪತ್ನಾಲ್ಕು.
ಕಾರಿನ ಬಾನೆಟ್ಟಿನ ಮೇಲೆ ಚಿಲ್ಲರೆ ಎಣಿಕೆ ನಡೆದಿತ್ತು.
ಕೆಂಗೂದಲಿನವನು ನನ್ನತ್ತ ಒಂದು ಬ್ಯಾಟು ಚಾಚಿದ,
ಬಾ ಅಂತ ಗದ್ದ ಎತ್ತಿದ.
ಬರಿಗಾಲಲ್ಲಿ ನಿಂತೆ. ಕೈಗೆ ಅಭ್ಯಾಸ ನೋಡಿ,
ಅವನ ಕೈಗೆ ಸಿಗುವ ಹಾಗೇ ಕಳಿಸಿದೆ. ಇನ್ನೊಂದು. ಮತ್ತೊಂದು.
ಅವನು ಚೆಂಡನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ.
ನೆಟ್ಟಿನವರೆಗೂ ನಡೆದು ಬಂದು ತಲೆಯಾಡಿಸಿದ, ಹೀಗಲ್ಲ.
ಬ್ಯಾಟು ಎತ್ತಿ ತನ್ನ ಹಿಂದಿನ ಮೂಲೆ ತೋರಿಸಿದ,
ಯಾರೂ ಇಲ್ಲದ, ಖಾಲಿ ಮೂಲೆ.

ಏಳು ವರ್ಷದಲ್ಲಿ ಮೊದಲ ಸಲ
ಯಾರೂ ಇಲ್ಲದ ಕಡೆಗೆ ಹೊಡೆದೆ.

ಅಷ್ಟರಲ್ಲಿ ದೀಪ ಆರಿಸಿದರು. ಅಂಗಳ ಸುತ್ತಿದೆವು.
ಅಪ್ಪನಿಗೆ ಎಂಟಾಣೆ ಕೊಟ್ಟರು, ಹುಬ್ಬಳ್ಳಿಯ ಕಡೆ ಹೊರಟರು
ನಮ್ಮ ನೂಲು ಹೊತ್ತುಕೊಂಡು.

ಮರುದಿನ ಸಂಜೆ ವಕೀಲ ಗುಂಡೂರಾಯರ ಎದುರು
ಒಂದು ಚೆಂಡು ಮೂಲೆಗೆ ಹೋಯಿತು.
ಅವರು ಅಲ್ಲಾಡಲಿಲ್ಲ. "ಏನಯ್ಯ ಇದು?" ಅಂದರು.
ತಪ್ಪಾಯ್ತು ಸ್ವಾಮಿ ಅಂದೆ.
ತಪ್ಪಾಗಿರಲಿಲ್ಲ.